ಮಾರಿದರೂ ಮನೆ ಬಿಡದ ಕ್ರೋಶಾ

ಸಂತೆಬಾಚಹಳ್ಳಿಯ ಸಿದ್ದರಾಮುವಿಗೆ ಸ್ವಂತ ಮನೆಯಿತ್ತು, ಮಲಗಲು ಜಾಗವಿರಲಿಲ್ಲ. ನಡುಮನೆಯನ್ನು ಹೆಂಡತಿ ಸುಧಾಳ ಕ್ರೋಶಾ ಆಕ್ರಮಿಸಿತ್ತು. ಟೀವಿಗೆ ಹೊದಿಸುವ ಕ್ರೋಶಾ ಅಲ್ಲ, ತೊಲೆಯಿಂದ ನೆಲದವರೆಗೆ ಇಳಿಬಿದ್ದ ಬಿಳಿ ನೂಲಿನ ಹೆಣಿಗೆ, ಅವಳಿಟ್ಟ ಹೆಸರು ‘ಕೆರೆ’. (ನೀರಿಲ್ಲದ ಕೆರೆ. ಆದರೂ ಸಿದ್ದರಾಮು ದಿನಾ ಅದರಲ್ಲಿ ಮುಳುಗುತ್ತಿದ್ದ.) “ಮುಟ್ಬೇಡಿ, ಅದು ಕಲೆ” ಎಂಬ ರಾಜಾಜ್ಞೆ ಹೊರಟಂದೇ ಅವನ ಮಂಚ ಜಗಲಿಗೆ ವನವಾಸ ಹೋಗಿತ್ತು.

ಒಂದು ಬೆಳಿಗ್ಗೆ ಸುಧಾ ಮೊಬೈಲು ಹಿಡಿದು ಓಡಿ ಬಂದಳು. “ರೀ, ಕೆರೆ ಮಾರೋಯ್ತು! ಆನ್‌ಲೈನಲ್ಲಿ ಡಿಜಿಟಲ್ ಕಲೆ ಕೂಡಿಡೋರೊಬ್ರು ತಗಂಡವ್ರೆ!”

ಸಿದ್ದರಾಮುವಿನ ಕಿವಿಗೆ ಬಿದ್ದದ್ದು ‘ಮಾರೋಯ್ತು’ ಒಂದೇ. ದನದ ವ್ಯಾಪಾರದಲ್ಲಿ ಬೆಳೆದವನು. ಮಾರಿದ ರಾಸು ಅವತ್ತೇ ಮನೆ ಬಿಡಬೇಕು, ಅರಿಶಿನ ಕುಂಕುಮ ಇಡದೆ ಬರಿಹಣೆಯಲ್ಲಿ ಕಳಿಸಬಾರದು. ಸುಧಾ ಡೈರಿಗೆ ಹಾಲು ಹಾಕಲು ಹೋದದ್ದೇ ತಡ, ತಿಮ್ಮರಾಜುವಿನ ಗೂಡ್ಸ್ ಗಾಡಿ ಕರೆಸಿದ. ಅರಿಶಿನ ಕಲಸಿ ಕೆರೆಗೆ ಅಡ್ಡಡ್ಡ ಬಳಿದ. ಮೇಲೆ ಕುಂಕುಮ.

“ಏನ್ಲಾ ಸಿದ್ದ, ಮದ್ವೆ ಹೆಣ್ಣಿಗಿಂತ ಜೋರಾಗಿ ಶಾಸ್ತ್ರ ಮಾಡ್ತಿದ್ದೀಯಲ್ಲಾ!” ಎಂದ ತಿಮ್ಮರಾಜು.

“ಸುಮ್ಕಿರ್ಲಾ. ಇವತ್ತಾದ್ರೂ ಫ್ಯಾನ್ ಕೆಳಗೆ ಮನಿಕತೀನಿ.”

ಅಷ್ಟರಲ್ಲಿ ಸುಧಾ ಬಂದಳು. “ಅಯ್ಯಯ್ಯೋ, ಏನ್ ಮಾಡ್ಬುಟ್ರಿ! ಅವ್ರು ತಗಂಡಿರೋದು ಫೋಟೋನ! ಕೆರೆ ನಮ್ಮನೇಲೇ, ಫೋಟೋದಲ್ಲಿ ಇದ್ದಂಗೇ ಇರ್ಬೇಕು ಅಂತ ಕರಾರು ಕಣ್ರೀ!”

“ಪಟ ಇಡ್ಕಂಡು ಎಮ್ಮೇನ ನಮ್ ಕೊಟ್ಟಿಗೇಲೇ ಬುಟ್ಟೋಗೋ ಗಿರಾಕಿ ಯಾವನಮ್ಮಿ?”

ಸುಧಾ ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದಳು. ವರ್ಷವಿಡೀ ಕಣ್ಣು ಕಿರಿದು ಮಾಡಿಕೊಂಡು ಹೆಣೆದದ್ದು. ಸಿದ್ದರಾಮು ಬಚ್ಚಲಿಂದ ನೀರು ತಂದ. ಪ್ರಾಯಶ್ಚಿತ್ತಕ್ಕೆಂದು ಸೋಪು ಹಚ್ಚಿ ತಿಕ್ಕಿದ. ಸೋಪು ತಾಗಿದ ಅರಿಶಿನ ಸುಮ್ಮನಿರುತ್ತದೆಯೇ? ಕೆರೆಯ ತುಂಬ ಕೆಂಪೇ ಕೆಂಪು. ಇನ್ನು ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ಸುಧಾ ಮೂಗೊರೆಸಿಕೊಂಡು ಆ ಅವತಾರದ ಫೋಟೋ ತೆಗೆದು, ಹೀಗಾಯಿತೆಂದು ಗಿರಾಕಿಗೆ ಕಳಿಸಿದಳು. ತಿಮ್ಮರಾಜು ಕಾಫಿ ಕುಡಿದು ಮುಗಿಸುವುದರೊಳಗೆ ಉತ್ತರ ಬಂತು. ಅವಳ ಮುಖ ಅರಳಿತು.

“ರೀ, ಅವ್ರಿಗೆ ಇದೂ ಬೇಕಂತೆ! ‘ಓಕುಳಿ ಕೆರೆ’ ಅಂತ ಎಸ್ರು ಮಡಗವ್ರೆ. ಕರಾರಿನಂಗೆ ಬಿಳೀದು ಇನ್ನೊಂದು ಮೊದ್ಲಿಂದ ಹೆಣೀಬೇಕಂತೆ. ಎಲ್ಡೂ ನಮ್ಮನೇಲೇ ಇರ್ತವೆ!”

“ಎಲ್ಲಿ ಮಡಗ್ತೀಯಮ್ಮಿ?” ಎಂದ ಸಿದ್ದರಾಮು.

ಸುಧಾ ಆಗಲೇ ಜಗಲಿಯನ್ನು ಮೊಳ ಹಾಕಿ ಅಳೆಯುತ್ತಿದ್ದಳು. “ತಿಮ್ಮರಾಜಣ್ಣ, ಈ ಮಂಚ ಒಸಿ ಹೊಲದ ಕೊಟ್ಟಿಗೆಗೆ ಸಾಗಿಸ್ಬುಡಣ್ಣ.”

ಅಂತೂ ಕರೆಸಿದ ಗಾಡಿ ಬರಿದಾಗಿ ಹೋಗಲಿಲ್ಲ. ಮಂಚದ ಮೇಲೆ ಸಿದ್ದರಾಮುವೂ ಕೂತಿದ್ದ.