ಜಾಲಿಪುರವು ಒಂದು ಬೆಳಗಿನ ಮಟ್ಟಿಗೆ ಪಟ್ಟಣವಾದುದು

ಎಲೈ ಕಲಿಯುಗವೇ, ಧರ್ಮವು ಒಂಟಿ ಕಾಲಿನಲ್ಲಿ ಕುಂಟುವ ಕಾಲವೇ, ಗಂಡು ಹೆತ್ತವರು ಹೆಣ್ಣು ಹೆತ್ತವರ ಜಗಲಿಯಲ್ಲಿ ಕೈಕಟ್ಟಿ ನಿಲ್ಲುವಂತೆ ಮಾಡಿದ ಪರಮನ್ಯಾಯದ ಯುಗವೇ, ನಿನಗೆ ಮೊದಲ ನಮಸ್ಕಾರ. ಎರಡನೆಯದು ಗಣಪತಿಗೆ. ಅವನು ಮೊದಲನೆಯದನ್ನೇ ಕೇಳುವವನಾದರೂ, ನಮ್ಮ ಕಡೆಯ ಲೆಕ್ಕದಲ್ಲಿ ಇನ್ನೂ ಹೆಣ್ಣು ಸಿಗದ ಬ್ರಹ್ಮಚಾರಿ. ಈ ಕಥೆಯ ಸಂಕಟ ಅವನಿಗೆ ಗೊತ್ತಿರುವುದರಿಂದ ಮುನಿಸಿಕೊಳ್ಳಲಾರ. ಮೂರನೆಯದು ಶಾರದೆಗೆ. ತಾಯಿ, ನಾನು ಹೇಳುವುದೆಲ್ಲ ನಿಜ, ನಂಬದವರು ಜಾಲಿಪುರಕ್ಕೆ ಹೋಗಿ ವಿಚಾರಿಸಬಹುದು.

ಜಾಲಿಪುರ! ಹೆಸರಿನ ಬಾಲದಲ್ಲಿ ಪುರವೆಂದು ಇದ್ದ ಮಾತ್ರಕ್ಕೆ ಗಗನಚುಂಬಿಗೋಪುರಪ್ರಾಕಾರಪ್ರಾಸಾದಪರಿವೃತವಾದ ರಾಜಧಾನಿಯೊಂದನ್ನು ಕಲ್ಪಿಸಿಕೊಳ್ಳುತ್ತಿರುವ ಓದುಗ ಮಹಾಶಯನೇ, ಸ್ವಲ್ಪ ತಾಳು. ಅಲ್ಲಿರುವುದು ಒಂದು ಬಸ್ ತಂಗುದಾಣ, ಒಂದು ಹಿಟ್ಟಿನ ಗಿರಣಿ, ಎರಡು ಬೀದಿ. ಮೂರನೆಯ ಬೀದಿ ಆಗಬಹುದಾಗಿದ್ದ ಜಾಗದಲ್ಲಿ ತಿಪ್ಪೆಗಳಿವೆ.

ಆ ಗಿರಣಿಯ ಅಧಿಪತಿಯೇ ನಮ್ಮ ನಾಯಕ. ಸಕಲಧಾನ್ಯಮರ್ದನಪ್ರಚಂಡನೂ, ರಾಗಿಚೂರ್ಣಧೂಸರಿತಶ್ಮಶ್ರುವೂ, ಯಂತ್ರಘೋಷಬಧಿರೀಕೃತಕರ್ಣನೂ ಆದ ಕೆಂಚರಾಜನು ತಂದೆತಾಯಿ ತೀರಿಕೊಂಡ ಮೇಲೆ ಒಬ್ಬನೇ ಇದ್ದನು. ಮೂವತ್ತಾರು ದಾಟಿದರೂ ಬಾಸಿಂಗ ಕಾಣದ ಹಣೆ ಅವನದು. ಹುಡುಗನಲ್ಲಿ ಕುಂದಿರಲಿಲ್ಲ, ಗಿರಣಿಯಲ್ಲಿ ಕುಂದಿರಲಿಲ್ಲ. ಆದರೆ ಸಂಬಂಧದ ಮಾತು ಎಲ್ಲಿಯೇ ಹತ್ತಲಿ, ಊರು ಎಂಥದು ಎಂಬಲ್ಲಿಗೆ ಬಂದು ಮುರಿದು ಬೀಳುತ್ತಿತ್ತು. ಹಳ್ಳಿಗೆ ಹೆಣ್ಣು ಕೊಡಲ್ಲ ಎಂದು ಹಳ್ಳಿಯವರೇ ಹೇಳುವ ಕಾಲವಿದು.

ಕೊನೆಗೆ ಅವನ ಸೋದರಮಾವ ಹಾಲೇಗೌಡರು ಒಂದು ಹೆಣ್ಣು ಹುಡುಕಿದರು. ಈ ಹಾಲೇಗೌಡರು ಯಾರೆನ್ನುವಿರೋ? ನಿವೃತ್ತ ಬಸ್ ಕಂಡಕ್ಟರು, ಸೀಟಿನಾದದಿಗಂತಭೇದಕರು, ಚಿಲ್ಲರೆನಿರಾಕರಣಧುರಂಧರರು. ಹೆಣ್ಣಿನ ಹೆಸರು ಜಲಜಾಕ್ಷಿ, ವಯಸ್ಸು ಮೂವತ್ತರ ಆಸುಪಾಸು, ತಂದೆ ಸಣ್ಣೇಗೌಡರು. ಹೆಣ್ಣು ನೋಡುವ ಶಾಸ್ತ್ರದ ದಿನ ಉಪ್ಪಿಟ್ಟಿನ ತಟ್ಟೆ ಕೊಡಲು ಬಂದ ಆಕೆಯನ್ನು ಕಂಡು ಕೆಂಚರಾಜನು ತಟ್ಟೆಯ ಬದಲು ಬರಿಗಾಳಿಗೆ ಕೈಚಾಚಿದನು. ಅವಳಾದರೂ ನೇರವಾಗಿ ಕೇಳಿದಳು: “ನಿಮ್ಮೂರು ಹಳ್ಳೀನಾ, ಪ್ಯಾಟೇನಾ?”

ನಾಯಕನು ಬಾಯಿ ತೆರೆಯುವಷ್ಟರಲ್ಲಿ ಮಾವ ಉತ್ತರಿಸಿಯಾಗಿತ್ತು. “ಪ್ಯಾಟೇನೇ ಕಣವ್ವ. ಪಕ್ಕದ ಮನೇಲಿ ಯಾರವ್ರೆ ಅಂತ ಪಕ್ಕದ ಮನೆಯೋರಿಗೇ ಗೊತ್ತಿಲ್ಲ, ಅಂಥ ಪ್ಯಾಟೆ.”

ಆ ಮಾತಿಗೆ ಜಲಜಾಕ್ಷಿಯು ತಲೆಯೆತ್ತಿ ಕೆಂಚರಾಜನನ್ನು ಮೊದಲ ಸಲ ಚೆನ್ನಾಗಿ ನೋಡಿದಳು. ಆ ಒಂದು ನೋಟಕ್ಕೆ ನಮ್ಮ ನಾಯಕ ಕುಳಿತಲ್ಲೇ ಸೋತನು. ಸೋತದ್ದರಿಂದ ಸುಳ್ಳನ್ನು ತಿದ್ದಲೂ ಇಲ್ಲ. ಬರುವ ಭಾನುವಾರ ಮಗಳನ್ನೂ ಕರೆದುಕೊಂಡು ಮನೆ ನೋಡಲು ಬರುತ್ತೇವೆಂದು ಸಣ್ಣೇಗೌಡರು ಹೇಳಿ ಕಳಿಸಿದರು.

ಹೀಗೆ ಒಂದು ವಾರದೊಳಗೆ ಹಳ್ಳಿಯನ್ನು ಪಟ್ಟಣ ಮಾಡಬೇಕಾದ ಘನಕಾರ್ಯವು ಜಾಲಿಪುರದ ತಲೆಯ ಮೇಲೆ ಬಿದ್ದಿತು. ಗಿರಣಿಯಲ್ಲಿ ಯುದ್ಧಮಂತ್ರಾಲೋಚನೆ ಕೂಡಿತು. ಬೇಕರಿ ಇದ್ದರೆ ಪೇಟೆ ಎಂದನೊಬ್ಬ ವೀರ. ಚರಂಡಿಗೆ ಚಪ್ಪಡಿ ಮುಚ್ಚಿದ್ದರೆ ಪೇಟೆ, ಬಾಯಿ ಬಿಟ್ಟಿದ್ದರೆ ಹಳ್ಳಿ ಎಂದನು ಮತ್ತೊಬ್ಬ. ಆಗ ಮೂಲೆಯಲ್ಲಿ ರಾಗಿ ಚೀಲದ ಮೇಲೆ ಸಿಂಹಾಸನಾರೂಢೆಯಾಗಿದ್ದ ದ್ಯಾವಜ್ಜಿಯು, “ನೀರ ಕಾಸು ಕೊಟ್ಟು ಕುಡುದ್ರೆ ಪ್ಯಾಟೆ ಕಣ್ರಲಾ” ಎಂದಳು.

ಹಾಲೇಗೌಡರು ಎದ್ದರು. ಬಸ್ಸಿನ ಬಾಗಿಲ ಕಂಬಿ ಹಿಡಿದ ಹಳೆಯ ಗತ್ತಿನಲ್ಲಿ ಗಿರಣಿಯ ಕಂಬ ಹಿಡಿದರು. “ಕೇಳ್ರಪ್ಪಾ. ಈ ಸೀಮೇಲಿ ನಾನು ಜನ ಇಳಿಸದ ಊರಿಲ್ಲ. ಮನೆ ಎಷ್ಟು, ತಲೆ ಎಷ್ಟು ಅಂತ ಎಣಿಸೋದು ಸರ್ಕಾರದೋರ ಕೆಲಸ. ಕಂಡಕ್ಟರಿಗೆ ಬಾಗಿಲಲ್ಲಿ ನಿಂತ್ರೇ ಗೊತ್ತಾಯ್ತದೆ. ಪ್ಯಾಸೆಂಜರ್ ಇಳೀತಿದ್ದಂಗೆ ಯಾರ ಮನೆಗೆ, ಯಾವೂರಾಯ್ತು, ಅವರು ನಿಮಗೇನಾಗಬೇಕು ಅಂದ್ರೆ ಅದು ಹಳ್ಳಿ. ಬಿದ್ದು ಕಾಲು ಮುರಕೊಂಡ್ರೂ ಒಬ್ಬ ತಿರುಗಿ ನೋಡ್ಲಿಲ್ಲ ಅಂದ್ರೆ ಅದು ಪ್ಯಾಟೆ. ಮಿಕ್ಕಿದ್ದೆಲ್ಲ ಬರೀ ಸುಣ್ಣಬಣ್ಣ.”

ಸಭೆ ಬೆರಗಾಯಿತು. ವ್ಯೂಹ ರಚನೆಯಾಯಿತು. ಬಂದವರನ್ನು ಯಾರೂ ಏನೂ ಕೇಳತಕ್ಕದ್ದಲ್ಲ. ಹಗಲಲ್ಲೂ ಬಾಗಿಲು ಹಾಕಿರತಕ್ಕದ್ದು. ಬಸ್ ಸ್ಟ್ಯಾಂಡಿಗೆ ಎದುರು ಹೋಗಿ ಕರೆತರುವುದು ಅಪ್ಪಟ ಹಳ್ಳಿ ಲಕ್ಷಣವಾದ್ದರಿಂದ ಗಂಡು ಮನೆಯಲ್ಲೇ ಕುಳಿತಿರತಕ್ಕದ್ದು. ಊಟಕ್ಕೆ ಏಳಿ ಎನ್ನತಕ್ಕದ್ದಲ್ಲ. ಪೇಟೆಯಲ್ಲಿ ಬಂದವರಿಗೆ ಕೊಡುವುದು ಟೀ ಮತ್ತು ಬಿಸ್ಕತ್ತು ಮಾತ್ರ.

ಎಲ್ಲರೂ ಆಣೆಯಿಟ್ಟರು, ಒಬ್ಬಳನ್ನು ಬಿಟ್ಟು. ಸರ್ವಾಗಂತುಕಕುಲಗೋತ್ರಾನ್ವೇಷಣಪಟುವೂ, ಬಸ್ ತಂಗುದಾಣಶಿಲಾಪೀಠಸ್ಥಿತೆಯೂ, ಆ ಊರಿಗೆ ಕಾಲಿಟ್ಟ ಪ್ರತಿಯೊಬ್ಬನ ಅಜ್ಜನ ಹೆಸರನ್ನೂ ಬಲ್ಲವಳೂ ಆದ ದ್ಯಾವಜ್ಜಿಯು ಸೆಟೆದು ಕುಳಿತಳು. “ನನ್ನ ಬಾಯಿಗೆ ಬೀಗ ಹಾಕೋ ಗಂಡು ಇನ್ನೂ ಹುಟ್ಟಿಲ್ಲ ಕಣೋ ಹಾಲ. ಕಟ್ಕಂಡ ಗಂಡನ ಕೈಲೇ ಆಗ್ಲಿಲ್ಲ.”

ಆಗ ಕೆಂಚರಾಜನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತನು. “ಅಜ್ಜಿ, ಒಂದು ದಿನ. ನಾನೇ ಬೇಯಿಸ್ಕಂಡು, ಒಬ್ಬನೇ ಉಂಡು, ಒಂದೇ ತಟ್ಟೆ ತೊಳ್ದು ಮಡಗಿ ಸಾಕಾಗೈತೆ” ಎಂದನು. ಅಜ್ಜಿಯು ಅವನ ಮೀಸೆಯ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದಳು. “ಆಯ್ತು ಬುಡು. ಬಾಯ್ತುಂಬ ಎಲೆಅಡಿಕೆ ತುರುಕ್ಕಂಡು ಕೂತಿರ್ತೀನಿ” ಎಂದಳು.

ಬಂದಿತು ಭಾನುವಾರ. ದಿಕ್ಕುಗಳು ಧೂಳಿನಿಂದ ಮಸುಕಾದವು. ಮಹಿಷಗಳು ಹಿತ್ತಿಲಿಗೆ ಹಿಮ್ಮೆಟ್ಟಿದವು. ಘೋರಾರವಗೈಯುತ್ತ ಬಸ್ಸು ಬಂದು ನಿಂತಿತು. ಇಳಿದವರು ಇಬ್ಬರು, ಬಿಳಿ ಪಂಚೆಯ ಸಣ್ಣೇಗೌಡರು ಮತ್ತು ಹಸಿರು ಸೀರೆಯ ಜಲಜಾಕ್ಷಿ. ತಂಗುದಾಣದಲ್ಲಿ ಹರಟುತ್ತಿದ್ದ ಶೂರರು ಒಮ್ಮೆಲೇ ಮುಖ ತಿರುಗಿಸಿ ಗೋಡೆ ನೋಡತೊಡಗಿದರು. ಓದು ಬಾರದವರೂ ಗೋಡೆಯ ಮೇಲಿನ ಗೊಬ್ಬರದ ಜಾಹೀರಾತನ್ನು ಓದಿದರು. ದ್ಯಾವಜ್ಜಿಯ ಅವಸ್ಥೆಯನ್ನಂತೂ ಏನೆಂದು ಬಣ್ಣಿಸಲಿ! ಹಸಿರು ಸೀರೆ ಕಂಡೊಡನೆ ಅವಳ ಒಡಲಲ್ಲಿ ಪ್ರಶ್ನೆಗಳು ಕಾದ ಹಾಲಿನಂತೆ ಉಕ್ಕಿದವು. ಅವಳು ಮತ್ತೊಂದು ಎಲೆಯನ್ನು ಮಡಚಿ ಬಾಯಿಗೆ ತುರುಕಿಕೊಂಡಳು.

“ಯಜಮಾನ್ರೇ, ಹಿಟ್ಟಿನ ಗಿರಣಿ ಕೆಂಚರಾಜಪ್ಪನ ಮನೆ ಯಾವ ಕಡೆ?” ಎಂದರು ಸಣ್ಣೇಗೌಡರು.

“ಗೊತ್ತಿಲ್ಲ” ಎಂದಿತು ಗೋಡೆಗೆ ತಿರುಗಿದ್ದ ಒಂದು ಬೆನ್ನು.

ಮುಂದೆ ಸಿಕ್ಕವನು ಕೆಂಚರಾಜನೇ ಬೀಸಿಕೊಟ್ಟ ಹಿಟ್ಟಿನ ಡಬ್ಬವನ್ನು ಹೆಗಲ ಮೇಲೆ ಹೊತ್ತಿದ್ದನು. “ಯಾವ ಗಿರಣಿ? ನಾವೂ ಇಲ್ಲಿಗೆ ಹೊಸಬರು ಸ್ವಾಮಿ” ಎಂದುಬಿಟ್ಟನು ಆ ಮಹಾನುಭಾವ. ಅವನ ಮುತ್ತಾತನ ಕಾಲದಿಂದಲೂ ಅವರು ಆ ಊರು ಬಿಟ್ಟು ಹೋದವರಲ್ಲ. ಅಂತೂ ಜಾಲಿಪುರದ ಪ್ರಜೆಗಳು ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂದು ಅಂದು ಸಾಬೀತಾಯಿತು. ದರಿದ್ರದವರು, ತಪ್ಪಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಣ್ಣೇಗೌಡರು ಹಾಲೇಗೌಡರಿಗೆ ಫೋನು ಮಾಡಿದರು. ಬಾಗಿಲು ಹಾಕಿದ ಮನೆಯೊಳಗೆ ಮಾವ ಅಳಿಯಂದಿರ ನಡುವೆ ಫೋನು ಹೊಡೆದುಕೊಂಡಿತು. ಕೈಚಾಚಿದ ಕೆಂಚರಾಜನನ್ನು ತಡೆದು ಮಾವ, “ಪ್ಯಾಟೆಯೋರು ಮೊದಲ್ನೇ ಸಲಕ್ಕೇ ಎತ್ತಲ್ಲ ಕಣ್ಲಾ” ಎಂದರು. ಎರಡನೆಯ ಸಲ ಅದು ಹೊಡೆದುಕೊಳ್ಳಲಿಲ್ಲ.

ತಂದೆಮಗಳು ಬಿಸಿಲಿನಲ್ಲಿ ಎರಡೂ ಬೀದಿ ಸುತ್ತಿದರು. ಎಲ್ಲ ಬಾಗಿಲೂ ಮುಚ್ಚಿದ್ದವು. ಕೆಂಚರಾಜನ ಮನೆಯ ಮುಂದೆಯೇ ಹಾದುಹೋದರು, ಹಾದು ಮರಳಿದರು. ಕಿಟಕಿಯ ಸಂದಿಯಿಂದ ಅವನಿಗೆ ಜಲಜಾಕ್ಷಿಯ ಕುತ್ತಿಗೆಯ ಬೆವರು ಕಾಣುತ್ತಿತ್ತು, ಸಣ್ಣೇಗೌಡರ ಮಾತೂ ಕೇಳುತ್ತಿತ್ತು. “ಇದೇನು ಊರಾ ಸುಡುಗಾಡಾ? ಒಂದು ಲೋಟ ನೀರು ಬೇಕಾ ಅನ್ನೋ ನರಪಿಳ್ಳೆ ಇಲ್ಲ. ಇಂಥ ಪ್ಯಾಟೆಗೆ ಕೊಡೋ ಬದ್ಲು ಮಗಳನ್ನ ಮನೇಲೇ ಮಡಿಕ್ಕಳೋದು ವಾಸಿ. ನಡಿಯವ್ವ, ಬಸ್ ಸಿಕ್ರೆ ಹೋಗಾಣ.”

ಕೆಂಚರಾಜನು ಬಾಗಿಲಿಗೆ ನುಗ್ಗಿದನು. “ತಡೀಲಾ, ಪ್ಯಾಟೆಯೋರು ಎದ್ದೂಬಿದ್ದೂ ಓಡಲ್ಲ” ಎಂದು ಮಾವ ತೋಳು ಹಿಡಿದರು. ಆ ತೋಳನ್ನು ಕೊಡವಿಕೊಂಡು, ಅಗಳಿ ಕಿತ್ತು, ಪಂಚೆ ಎತ್ತಿಕಟ್ಟಿ, ಪಾದರಕ್ಷಾವಿಹೀನನಾಗಿ, ವಾಯುವೇಗವನ್ನೂ ಬೀದಿನಾಯಿಗಳ ವೇಗವನ್ನೂ ಹಿಂದಿಕ್ಕಿ ನಮ್ಮ ನಾಯಕನು ತಂಗುದಾಣಕ್ಕೆ ಧಾವಿಸಿದನು. ನಾಯಿಗಳು ಅರ್ಧ ದಾರಿಗೆ ಸಾಕೆಂದು ನಿಂತವು.

“ನಿಂತ್ಕಳಿ. ಇದು ಹಳ್ಳಿ. ಶುದ್ಧ ಹಳ್ಳಿ. ನಿಮ್ಮನ್ನ ಏನೂ ಕೇಳಬ್ಯಾಡಿ ಅಂತ ಎಲ್ಲರಿಗೂ ನಾವೇ ಹೇಳಿದ್ದು. ಅವತ್ತು ನಮ್ಮಾವ ಹೇಳಿದ್ದು ಸುಳ್ಳು, ನಾನು ಸುಮ್ಕೆ ಕೂತಿದ್ದು ತಪ್ಪು” ಎಂದನು ಏದುತ್ತ.

ಸಣ್ಣೇಗೌಡರು ಬೈಯುತ್ತಾರೆಂದು ಅವನು ತಲೆ ತಗ್ಗಿಸಿದನು. ಮಾತಾಡಿದವಳು ಜಲಜಾಕ್ಷಿ. “ಹಳ್ಳಿ ಬ್ಯಾಡ ಅಂದಿದ್ದು ನಮ್ಮಪ್ಪ ಅಲ್ಲ, ನಾನು. ನಮ್ಮೂರಲ್ಲಿ ನೀರಿಗೋದ್ರೂ ಕೇಳ್ತಾರೆ, ಅಂಗಡಿಗೋದ್ರೂ ಕೇಳ್ತಾರೆ, ಇನ್ನೂ ಗಂಡು ಸಿಕ್ಕಿಲ್ವಾ ಅಂತ. ಇಲ್ಲಿ ಇಷ್ಟೊತ್ತು ಓಡಾಡುದ್ರೂ ಯಾರೂ ಏನೂ ಕೇಳ್ಲಿಲ್ಲ. ಅಪ್ಪ ಸಿಟ್ಟಾಗಿತ್ತು, ನಾನು ಖುಷಿಯಾಗಿದ್ದೆ” ಎಂದಳು. ಈಗ ಅವಳು ಖುಷಿಯಾಗಿರಲಿಲ್ಲ. ಸತ್ಯ ಹೇಳಿ ಅದನ್ನು ಕೆಡಿಸಿದವನು ತಾನೇ ಎಂದು ಕೆಂಚರಾಜನಿಗೆ ಅಳು ಬರುವಂತಾಯಿತು.

ಆದರೆ ಅಳಲು ಪುರುಸೊತ್ತು ಎಲ್ಲಿ? ಇದು ಹಳ್ಳಿ ಎಂದು ಗಂಡೇ ಒಪ್ಪಿಕೊಂಡ ಮೇಲೆ ಆಣೆ ಯಾತಕ್ಕೆ? ದ್ಯಾವಜ್ಜಿಯು ತಾಂಬೂಲರಕ್ತಧಾರೆಯನ್ನು ಥೂ ಎಂದು ರಸ್ತೆಗೆ ಹರಿಸಿದಳು. ಗೋಡೆ ನೋಡುತ್ತಿದ್ದವರೆಲ್ಲ ತಿರುಗಿದರು. ಬಾಗಿಲುಗಳು ದಡದಡನೆ ತೆರೆದವು. ನೀರು ಬಂತು, ಮಜ್ಜಿಗೆ ಬಂತು, ಅದಕ್ಕೂ ಮೊದಲು ಪ್ರಶ್ನೆಗಳು ಬಂದವು. ಯಾವೂರು, ಯಾವ ಬಸ್ಸಿಗೆ ಬಂದ್ರಿ, ನಿಮ್ಮೂರ ಕೆರೆ ತುಂಬಿತಾ, ಅಲ್ಲಿನ ಕಾಳಮ್ಮನ ಅಳಿಯ ನಿಮಗೇನಾಗಬೇಕು? ಕಾಳಮ್ಮನ ಅಳಿಯ ಸಣ್ಣೇಗೌಡರಿಗೆ ಚಿಕ್ಕಪ್ಪನ ಮಗನೇ ಆಗಬೇಕಾಗಿತ್ತು. ಅವರು ಮಜ್ಜಿಗೆ ಕುಡಿಯುತ್ತ ಒಂದೊಂದಕ್ಕೂ ವಿವರವಾಗಿ ಉತ್ತರಿಸತೊಡಗಿದರು. ಅವರ ಸಿಟ್ಟು ಯಾವಾಗ ಇಳಿಯಿತೆಂದು ಅವರಿಗೇ ತಿಳಿಯಲಿಲ್ಲ.

ಆಗ ದ್ಯಾವಜ್ಜಿಯು ಜಲಜಾಕ್ಷಿಯ ಕಡೆ ತಿರುಗಿ, ಗಲ್ಲ ಹಿಡಿದೆತ್ತಿ, ಒಂದು ವಾರದಿಂದ ಮಸೆದಿಟ್ಟಿದ್ದ ಮಹಾಸ್ತ್ರವನ್ನು ಹೂಡಿದಳು. “ಲಕ್ಷಣವಾಗಿದೀಯ ಕಣವ್ವ. ವಯಸ್ಸೂ ಆದಂಗೈತೆ. ಯಾಕವ್ವ ಇನ್ನೂ...”

“ಅಜ್ಜಿ” ಎಂದನು ಕೆಂಚರಾಜ.

ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ಕಂಠವದು. ಆದರೆ ಈಗ ಅವನು ಕೂಗಲಿಲ್ಲ. “ಅದನ್ನ ನನ್ನ ಕೇಳು. ನಂಗೂ ಮೂವತ್ತಾರಾಯ್ತು, ನಂಗೂ ಆಗಿಲ್ಲ. ಎಷ್ಟು ಬೇಕಾದ್ರೂ ಕೇಳು, ದಿನಾ ಕೇಳು. ಅವರನ್ನ ಕೇಳಬ್ಯಾಡ.”

ಎಲೈ ಓದುಗನೇ, ಇದೇ ಆ ಮಹಾಯುದ್ಧ. ಪುಷ್ಪವೃಷ್ಟಿಯಾಗಲಿಲ್ಲ, ದುಂದುಭಿ ಮೊಳಗಲಿಲ್ಲ. ಮೂವತ್ತಾರರ ಗಂಡಸೊಬ್ಬ ಒಬ್ಬ ಮುದುಕಿಯ ಒಂದು ಪ್ರಶ್ನೆಯನ್ನು ಅರ್ಧಕ್ಕೆ ತಡೆದನು, ಅಷ್ಟೆ. ಅದಕ್ಕಾಗಿ ಒಂದು ಊರನ್ನೇ ಪಟ್ಟಣ ಮಾಡುವ ಅಗತ್ಯವಿತ್ತೇ ಎಂದು ನನ್ನನ್ನು ಕೇಳಬೇಡ, ಹೋಗಿ ಹಾಲೇಗೌಡರನ್ನು ಕೇಳು.

ದ್ಯಾವಜ್ಜಿಯ ಬಾಯಿ ತೆರೆದೇ ಇತ್ತು. ಅವಳು ಅದನ್ನು ಒಮ್ಮೆ ಮುಚ್ಚಿ ಮತ್ತೆ ತೆರೆದಳು. “ಹಂಗಾರೆ ಉಂಡಿದ್ದೀಯಾ ಅಂತನಾದ್ರೂ ಕೇಳಬೋದೇನ್ಲಾ?”

ಜಲಜಾಕ್ಷಿಗೆ ನಗು ತಡೆಯಲಾಗಲಿಲ್ಲ. “ಇಲ್ಲ ಅಜ್ಜಿ. ಬೆಳಗ್ಗಿಂದ ಏನೂ ತಿಂದಿಲ್ಲ” ಎಂದಳು. ನೆರೆದವರೆಲ್ಲ ಕೆಂಚರಾಜನ ಮುಖ ನೋಡಿದರು.

“ಬಿಸ್ಕತ್ತೈತೆ” ಎಂದನು ಕೆಂಚರಾಜ.

“ಥೂ ನಿನ್ನ” ಎಂದು ದ್ಯಾವಜ್ಜಿಯು ತಂದೆಮಗಳನ್ನು ತನ್ನ ಮನೆಗೆ ನಡೆಸಿಕೊಂಡು ಹೋದಳು. ಹೀಗಾಗಿ ಗಂಡಿನ ಮನೆ ನೋಡಲು ಬಂದವರು ಅಂದು ಗಂಡಿನ ಮನೆಯನ್ನು ನೋಡಲೇ ಇಲ್ಲ. ಮುದ್ದೆಯ ಮುಂದೆ ಕುಳಿತ ಸಣ್ಣೇಗೌಡರು ಮಗಳ ಮುಖ ನೋಡಿದರು. ಅವಳು ಬಾಗಿಲ ಹೊರಗೆ ನಿಂತಿದ್ದ ಕೆಂಚರಾಜನ ಬರಿಗಾಲನ್ನು ನೋಡುತ್ತ, “ಆಗ್ಲಿ ಅನ್ನಪ್ಪ” ಎಂದಳು ಮೆಲ್ಲಗೆ.

“ಆಗ್ಲಿ ಅಂದೆ. ಆದ್ರೆ ಹಳ್ಳಿಗೆ ಕೊಡಲ್ಲ ಅಂತ ನೆಂಟರಿಗೆಲ್ಲ ಸಾರ್ಕಂಡು ಬಂದಿದೀನಲ್ಲ, ಈಗೇನು ಹೇಳ್ಲಿ?” ಎಂದರು ಸಣ್ಣೇಗೌಡರು. ಅಷ್ಟರಲ್ಲಿ ಬೀದಿಯಲ್ಲಿ ತಲೆಮರೆಸಿಕೊಂಡು ಬಂದಿದ್ದ ಹಾಲೇಗೌಡರು ಕಿಟಕಿಯಿಂದಲೇ ಇಣುಕಿ, “ಹಳ್ಳಿ ಅನ್ಬ್ಯಾಡಿ ಬೀಗ್ರೇ, ಪ್ಯಾಟೆ ಅಂತ್ಲೂ ಅನ್ಬ್ಯಾಡಿ. ಕೋರಿಕೆ ನಿಲುಗಡೆ ಅನ್ನಿ. ಇಳೀಬೇಕು ಅಂದೋರಿಗೆ ಬಸ್ಸು ನಿಲ್ತದೆ” ಎಂದರು. ಅದು ಸಣ್ಣೇಗೌಡರಿಗೆ ಒಪ್ಪಿತವಾಯಿತು.

ದ್ಯಾವಜ್ಜಿಯು ಸೊಪ್ಪಿನ ಸಾರಿನ ಪಾತ್ರೆ ಹಿಡಿದು ಜಲಜಾಕ್ಷಿಯ ಎದುರು ಕುಳಿತಳು. ಅವಳ ತುಟಿ ಎಷ್ಟೋ ಸಲ ಅಲುಗಿತು. ಆ ಊಟ ಮುಗಿಯುವವರೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಇನ್ನೊಂದು ಸೌಟು ಹಾಕ್ಲಾ?”

“ಹಾಕಜ್ಜಿ” ಎಂದು ಜಲಜಾಕ್ಷಿಯು ತಟ್ಟೆಯನ್ನು ಮುಂದೆ ತಳ್ಳಿದಳು.