ಬೆನ್ನುನೋವಿನ ರಜೆ

ಮುಂಗೋಡೆಯ ಪಾಚಿ ವರ್ಷವಿಡೀ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತನ್ನ ಅಕ್ಕ ನಾಳೆ ಬರುತ್ತಾಳೆಂದು ತಿಳಿದ ಕೂಡಲೇ ಗುಮಾಸ್ತನ ಹೆಂಡತಿಯ ಕಣ್ಣಿಗೆ ಬಿತ್ತು. "ಇವತ್ತೇ ತೊಳೀಬೇಕು" ಎಂದಳು. ಆದರೆ ಕಚೇರಿಯ ಮ್ಯಾನೇಜರು ರಜೆಯ ಹೆಸರೆತ್ತಿದರೆ ಉರಿದುಬೀಳುವ ಆಸಾಮಿ. ಇನ್ನೊಂದು ಸಲ ಸುಳ್ಳು ರಜೆ ಹಾಕಿದರೆ ದೂರದೂರಿಗೆ ವರ್ಗ ಮಾಡಿಸುತ್ತೇನೆಂದು ಹೋದ ತಿಂಗಳಷ್ಟೇ ಗುಡುಗಿದ್ದರು. ಅತ್ತ ದರಿ, ಇತ್ತ ಪುಲಿ. ಗುಮಾಸ್ತ ಮನೆಯ ಪುಲಿಗೇ ಹೆಚ್ಚು ಹೆದರುವವನು. ಬೆನ್ನುನೋವೆಂದು ಫೋನಿನಲ್ಲಿ ನರಳಿ ರಜೆ ಹಾಕಿದ.

"ಬ್ಲೀಚಿಂಗ್ ಪುಡಿ ನೀರು ಕಣ್ಣಿಗೆ ಹಾರಿದ್ರೆ ಗತಿ ಏನ್ರೀ?" ಎಂದು ಹೆಂಡತಿ ಅವನಿಗೆ ಮಗಳ ಲ್ಯಾಬಿನ ದಪ್ಪ ಕನ್ನಡಕ, ಮಾಸ್ಕು, ರಬ್ಬರ್ ಕೈಗವಸು ತೊಡಿಸಿದಳು. ಮೇಲೊಂದು ಕಚೇರಿಯಲ್ಲಿ ಕೊಟ್ಟ ಹಳದಿ ರೈನ್‌ಕೋಟು. ಹೆತ್ತತಾಯಿಗೂ ಗುರುತು ಸಿಗುವಂತಿರಲಿಲ್ಲ.

ಫೋನಿನ ನರಳಾಟ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು, ಅವನು ಏಣಿ ಹತ್ತಿದ್ದೇ ತಡ, ಕಾಂಪೌಂಡಿಗೆ ಮೊಣಕೈ ಊರಿ ನಿಂತರು. ನಿವೃತ್ತರಾದ ಮೇಲೆ ಆಜ್ಞೆ ಮಾಡಲು ಯಾರೂ ಸಿಗದೆ ಅವರ ನಾಲಿಗೆ ತುಕ್ಕು ಹಿಡಿದಿತ್ತು.

"ಏಣಿ ಇಳಿಯಯ್ಯ. ಬಿದ್ರೆ ಬೆನ್ನು ನಿಜವಾಗ್ಲೂ ನೋಯುತ್ತೆ. ಉದ್ದ ಕೋಲಿಗೆ ಬ್ರಷ್ ಕಟ್ಟು."

ಕಟ್ಟಿದ.

"ಕಾಲಿಂಗ್ ಬೆಲ್ಲಿಗೆ ಪ್ಲಾಸ್ಟಿಕ್ ಸುತ್ತು, ಶಾಕ್ ಹೊಡೆಯುತ್ತೆ. ಸೋಪು ಕೆಳಗಿಂದ ಮೇಲಕ್ಕೆ, ನೀರು ಮೇಲಿಂದ ಕೆಳಕ್ಕೆ."

ಅರ್ಧ ಗೋಡೆ ಬೆಳ್ಳಗಾಗುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಹಣ್ಣಿನ ಚೀಲ ಹಿಡಿದು ಮ್ಯಾನೇಜರು ಬರುತ್ತಿದ್ದರು. ಗುಮಾಸ್ತ ಗಕ್ಕನೆ ಗೋಡೆಯ ಕಡೆ ತಿರುಗಿ ಉಜ್ಜತೊಡಗಿದ.

"ಯಜಮಾನ್ರು ಹೇಗಿದ್ದಾರಮ್ಮ?"

"ಈಗಷ್ಟೇ ಮಾತ್ರೆ ನುಂಗಿ ಮಲಗಿದ್ರು ಸಾರ್" ಎಂದಳು ಹೆಂಡತಿ, ಸುಳ್ಳಿನ ಸುಳಿವೇ ಇಲ್ಲದ ಮುಖದಲ್ಲಿ.

"ಎಬ್ಬಿಸಬೇಡಿ. ಇವನ್ಯಾರು?"

"ಕೆಲಸದವನು, ನಾನೇ ಗೊತ್ತುಮಾಡಿಕೊಟ್ಟೆ" ಎಂದು ಮೇಷ್ಟ್ರು ಬಾಯಿ ಹಾಕಿದರು. "ಪಾಪ, ಮೂಗ."

ಗಾಬರಿಯಲ್ಲಿ ಗುಮಾಸ್ತನ ಕೈ ಜಾರಿ ಬ್ರಷ್ಷು ಕೋಲಿನ ಸಮೇತ ಅವನ ಕಾಲ್ಬೆರಳ ಮೇಲೆಯೇ ಬಿತ್ತು.

"ಅಯ್ಯಮ್ಮಾ" ಎಂದ.

"ಅದೊಂದು ಮಾತು ಮಾತ್ರ ಬರುತ್ತೆ" ಎಂದರು ಮೇಷ್ಟ್ರು.

ಮ್ಯಾನೇಜರು ಅವನ ಹಿಂದೆಯೇ ತುಸು ಹೊತ್ತು ನಿಂತರು. ಅವನು ಉಜ್ಜಿದಲ್ಲೇ ಉಜ್ಜಿದ. ಪಾಚಿ ಹೋಗಿ ಬಣ್ಣವೂ ಹೋಗತೊಡಗಿತು. ಕೊನೆಗೆ ಅವರು ಹೆಂಡತಿಯ ಕೈಗೆ ಚೀಲ ಕೊಟ್ಟು, ಮೆಲ್ಲಗೆ ಏನೋ ಹೇಳಿ ಹೊರಟುಹೋದರು.

ಗುಮಾಸ್ತ ಮಾಸ್ಕು ಕಿತ್ತು ಮೆಟ್ಟಿಲ ಮೇಲೆ ಕುಸಿದ. ಹೋದ ಜೀವ ಬಂದಂತಾಗಿ ನಗುವೇ ಬಂತು.

"ಬೆಟ್ಟದ ಹಾಗೆ ಬಂದಿದ್ದು ಮಂಜಿನ ಹಾಗೆ ಹೋಯ್ತು ಕಣೇ. ವರ್ಗ ತಪ್ಪಿತು."

"ಹೂಂ, ವರ್ಗ ಮಾಡಲ್ವಂತೆ" ಎಂದಳು ಹೆಂಡತಿ. "ಇಷ್ಟು ಚೆನ್ನಾಗಿ ಗೋಡೆ ತೊಳೆಯೋರನ್ನ ದೂರ ಕಳಿಸಿದ್ರೆ ನಷ್ಟ ನಮಗೇ ಅಂದ್ರು. ಭಾನುವಾರ ಅವರ ಮನೆಗೆ ನೀವು ಹೋಗ್ಬೇಕಂತೆ. ಎರಡು ಮಹಡಿಯಂತೆ."

"ಅವರು ನನ್ನ ಮುಖಾನೇ ನೋಡ್ಲಿಲ್ಲವಲ್ಲ!"

"ಹಿಂದೆ ತಿರುಗು" ಎಂದು ಮೇಷ್ಟ್ರು ಆಜ್ಞಾಪಿಸಿದರು. ತಿರುಗಿದ. ರೈನ್‌ಕೋಟಿನ ಬೆನ್ನ ಮೇಲೆ ಅಚ್ಚಾಗಿದ್ದ ಗೇಣುದ್ದದ ಅಕ್ಷರಗಳನ್ನು ಅವರು ಹಾಜರಿ ಕೂಗುವ ಧಾಟಿಯಲ್ಲಿ ಓದಿದರು: "ಟಪಾಲು ವಿಭಾಗ."

ಆ ವಿಭಾಗದಲ್ಲಿ ಇದ್ದವನು ಗುಮಾಸ್ತನೊಬ್ಬನೇ.

ವರ್ಗವಂತೂ ಇಲ್ಲವಲ್ಲ ಎಂದು ಅವನು ಸಮಾಧಾನದ ನಿಟ್ಟುಸಿರು ಬಿಟ್ಟ. ಮೇಷ್ಟ್ರು ಅಂಗಿಯ ತೋಳು ಮಡಚುತ್ತಿದ್ದರು.

"ಎರಡು ಮಹಡಿ ಅಂದ್ರೆ ಹುಡುಗಾಟ ಅಲ್ಲಯ್ಯ. ಹೇಳಿಕೊಡೋಕೆ ನಾನೂ ಬರ್ತೀನಿ."