ಕೊನೆಯ ಪುಟದ ಹೆಬ್ಬೆರಳಿಗೆ

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಲೋಕಕ್ಕೆಲ್ಲ ಪುಕ್ಕಟೆ ಹಂಚುವ ಗ್ರಂಥಾಲಯದಲ್ಲಿ, ಪುಟ ಒತ್ತಿ ಹಿಡಿಯುವ ಹುದ್ದೆಯಲ್ಲಿರುವ ಬಲಗೈ ಹೆಬ್ಬೆರಳಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಾನು ಬಲ್ಲೆ. ತಿಳಿಯದೆ ಏನು, ತಿಂಗಳುಗಟ್ಟಲೆಯಿಂದ ಸ್ಕ್ಯಾನಾದ ಪುಟಗಳಲ್ಲಿ ಮೂಡಿಬಂದ ತಮ್ಮ ಮುಖ ನೋಡಿಯೇ ನನಗೆ ಬೆಳಗಾಗುತ್ತಿದೆ.

ನನ್ನ ಕೆಲಸ ಸಣ್ಣದು. ಹಕ್ಕುಸ್ವಾಮ್ಯದ ಅವಧಿ ಮುಗಿದ ಒಂದು ಕಾದಂಬರಿಯನ್ನು ತಮ್ಮ ಚಿತ್ರಪುಟಗಳಿಂದ ಅಕ್ಷರಕ್ಕಿಳಿಸಿ, ತಪ್ಪು ತಿದ್ದಿ, ಇ-ರೀಡರಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವಂತೆ ಸಿದ್ಧಪಡಿಸುವುದು. ಓದಬೇಕಾದವಳು ನಮ್ಮ ದೊಡ್ಡಮ್ಮ. ಜೀವಮಾನವೆಲ್ಲ ಸೂಜಿಗೆ ದಾರ ಪೋಣಿಸಿ ಹೊಲಿಗೆ ಅಂಗಡಿ ನಡೆಸಿದವಳ ಕಣ್ಣು ಈಗ ದಿನದಿನಕ್ಕೂ ಮಬ್ಬಾಗುತ್ತಿದೆ. ಹುಡುಗಿಯಾಗಿದ್ದಾಗ ಅವಳಿಗೆ ಸಿಕ್ಕಿದ ಪ್ರತಿಯಲ್ಲಿ ಕೊನೆಯ ಹಾಳೆ ಹರಿದುಹೋಗಿತ್ತಂತೆ. ಗಂಡನನ್ನು ಬಿಟ್ಟು ಹೊರಟ ನಾಯಕಿ ವಾಪಸು ಹೋದಳೋ ಇಲ್ಲವೋ ಎಂಬುದು ಅಂದಿನಿಂದ ಅವಳನ್ನು ಕೊರೆಯುತ್ತಲೇ ಇದೆ. “ಕಣ್ಣು ಪೂರ್ತಿ ಹೋಗೋದ್ರೊಳಗೆ ಅದೊಂದು ಗೊತ್ತಾಗ್ಬಿಡ್ಲಿ ಕಣೋ” ಅಂದಳು.

ತಮ್ಮವರ ಉಪಕಾರವನ್ನು ಏನೆಂದು ಹೊಗಳಲಿ! ಪುಟದ ನಡುವೆ ಬಡಿದ ಗ್ರಂಥಾಲಯದ ಮೊಹರನ್ನೂ ಅಕ್ಷರ ಗುರುತಿಸುವ ಸಾಫ್ಟ್‌ವೇರ್ ಶ್ರದ್ಧೆಯಿಂದ ಓದಿದ ಕಾರಣ, ನಾಯಕಿ ಬಿಕ್ಕಿಬಿಕ್ಕಿ ಅಳುತ್ತಾ ಗಂಡನಿಗೆ “ಗೀಚಬಾರದು, ಹದಿನೈದು ದಿನದೊಳಗೆ ಹಿಂದಿರುಗಿಸಬೇಕು” ಎಂದುಬಿಟ್ಟಳು. ಅದನ್ನು ತೆಗೆದೆ. ತಾವು ಮೂಲೆಗಳಲ್ಲಿ ಮುಚ್ಚಿದ್ದ ಪದಗಳನ್ನೂ ಹಿಂದುಮುಂದು ನೋಡಿ ಹೇಗೋ ತುಂಬಿದೆ. ಆದರೆ ಕೊನೆಯ ಪುಟದಲ್ಲಿ ತಾವು ಮೂಲೆಗೆ ತೃಪ್ತರಾಗದೆ ಉದ್ದಕ್ಕೆ ಮಲಗಿಬಿಟ್ಟಿರಿ. “ಅವಳು ಬಾಗಿಲ ಚಿಲಕಕ್ಕೆ ಕೈಯಿಟ್ಟು”, ಅಲ್ಲಿಂದ ಮುಂದೆ ತಾವೇ. ಮೂಲಪ್ರತಿಯನ್ನಾದರೂ ನೋಡೋಣವೆಂದು ತಮ್ಮ ಕಚೇರಿಗೆ ಬಂದರೆ, ಮೇಲ್ವಿಚಾರಕರು ತಲೆಯೆತ್ತದೆ “ಸ್ಕ್ಯಾನ್ ಆಯ್ತಲ್ಲ ಸ್ವಾಮಿ, ಇನ್ಯಾಕೆ ಅಂತ ರದ್ದಿಗೆ ಹಾಕಿದ್ವಿ” ಎಂದರು. ಬೇರೆ ಪ್ರತಿ ಎಲ್ಲಿಯೂ ಇಲ್ಲವಂತೆ. ಭಲೇ! ಪುಸ್ತಕ ಉಳಿಸುವುದೆಂದರೆ ಹೀಗೆ ಉಳಿಸಬೇಕು.

ದಿಕ್ಕು ತೋಚದೆ ನಾನೇ ನಾಲ್ಕು ಸಾಲು ಬರೆದು ನಾಯಕಿಯನ್ನು ಗಂಡನ ಮನೆ ಸೇರಿಸಿದೆ. ದೊಡ್ಡಮ್ಮ ಓದಿದವಳೇ, “ಇದು ನಿನ್ನ ಕೆಲಸ. ಅವಳು ಅಷ್ಟು ಸುಲಭಕ್ಕೆ ಹೋಗೋಳಲ್ಲ. ಅಲ್ಲಿ ಏನಿದ್ಯೋ ಅದನ್ನೇ ಹಾಕು” ಎಂದು ಗದರಿದಳು. ಅಲ್ಲಿರುವುದು ತಾವು. ತಮ್ಮ ಚಿತ್ರವನ್ನೇ ಹಾಕಿದ್ದೇನೆ.

ಆದಕಾರಣ ತಮ್ಮಲ್ಲಿ ಅರಿಕೆ ಇಷ್ಟೇ: ತಾವು ಪುರಸೊತ್ತು ಮಾಡಿಕೊಂಡು ಆ ಚಿತ್ರದೊಳಕ್ಕೆ ಮರಳಿ, ಒಂದು ಗಳಿಗೆ ಪಕ್ಕಕ್ಕೆ ಸರಿಯುವ ಕೃಪೆ ಮಾಡಬೇಕು. ಅದಾಗದಿದ್ದರೆ, ಮುಚ್ಚುವ ಮುನ್ನ ಅಲ್ಲೇನು ಓದಿದಿರಿ ಎಂಬುದನ್ನಾದರೂ ತಿಳಿಸಿ. ಓದುವ ಅಭ್ಯಾಸವಿಲ್ಲವೆಂದಾದರೆ ಸಂಕೋಚ ಬೇಡ; ತಮ್ಮ ಹುದ್ದೆಗೆ ಅದು ಅಗತ್ಯವಿಲ್ಲವೆಂದು ನನಗೆ ಮನವರಿಕೆಯಾಗಿದೆ.

ತಮ್ಮ ವಿಶ್ವಾಸಿ,
ತಮ್ಮ ಗೆರೆಗೆರೆಯನ್ನೂ ಬಲ್ಲ ಓದುಗ

ತಾ.ಕ.: ದೊಡ್ಡಮ್ಮನ ಕಣ್ಣು ಕಳೆದ ವಾರ ಇನ್ನಷ್ಟು ಮಂಜಾಯಿತು, ಎಷ್ಟು ದಪ್ಪ ಮಾಡಿದರೂ ಅಕ್ಷರ ಕಾಣುತ್ತಿಲ್ಲ. ಆ ಇಡೀ ಪುಸ್ತಕದಲ್ಲಿ ಅವಳಿಗೆ ಈಗ ಕಾಣುವವರು ಕೊನೆಯ ಪುಟದ ತಾವೊಬ್ಬರೇ. ಉಗುರು ಕತ್ತರಿಸಿಕೊಳ್ಳಲು ಹೇಳಿದ್ದಾಳೆ.